ಬಾಗಿಲಿನೆದುರು ಬಿಟ್ಟುಹೋದ ಕ್ಯಾಮೆರಾ

ಹನ್ನೊಂದು ವರ್ಷ ಬೇರೆಯವರ ಮದುವೆಗಳನ್ನೇ ನೋಡುತ್ತ ನಿಂತರೆ ಮನುಷ್ಯ ಎಷ್ಟು ಸುಸ್ತಾಗುತ್ತಾನೆ ಎಂದು ತಿಳಿಯಬೇಕಿದ್ದರೆ ಶಿಕಾರಿಪುರದ ವಿಡಿಯೋ ಸಿದ್ಧಲಿಂಗೇಶನ ಮುಖ ನೋಡಬೇಕಿತ್ತು. ಹೆಗಲ ಮೇಲೆ ಕ್ಯಾಮೆರಾ ಹೊತ್ತು ಹೊತ್ತು ಬಲಭುಜ ಒಂದು ಬೆರಳಷ್ಟು ಇಳಿದಿತ್ತು. ಬೆಳಗಿನಿಂದ ಸಂಜೆವರೆಗೆ ಕಂಡಕಂಡವರಿಗೆಲ್ಲ "ನಗ್ರಿ, ಸ್ವಲ್ಪ ನಗ್ರಿ" ಎಂದು ಹೇಳುವುದೇ ಅವನ ಉದ್ಯೋಗ. ಹೀಗೆ ಊರಿಗೆಲ್ಲ ನಗು ಹಂಚಿ ಮನೆಗೆ ಬರುವ ಹೊತ್ತಿಗೆ ಅವನ ಹತ್ತಿರ ಒಂದೂ ಉಳಿದಿರುತ್ತಿರಲಿಲ್ಲ.

ಅವನಿಗೆ ಮದುವೆ ಸಾಕಾಗಿತ್ತು. ಹೂವಿನ ಹಾರ ಸಾಕಾಗಿತ್ತು, ತಾವರೆ ಅರಳಿ ಅದರೊಳಗಿಂದ ವಧೂವರರ ಮುಖ ಏಳುವ ತನ್ನದೇ ಮಿಕ್ಸಿಂಗು ಸಾಕಾಗಿತ್ತು, ಊಟದ ಪಂಕ್ತಿಯಲ್ಲಿ ಬಾಯಿಗಿಟ್ಟ ತುತ್ತನ್ನು ಅಲ್ಲೇ ನಿಲ್ಲಿಸಿಕೊಂಡು ಕ್ಯಾಮೆರಾ ನೋಡುವ ನೆಂಟರು ಸಾಕಾಗಿದ್ದರು. ತೊಂಬತ್ತೇಳರ ಆ ಬೇಸಿಗೆಯಲ್ಲಿ ಇದರಿಂದ ಪಾರಾಗಲು ಒಂದು ದಾರಿ ಕಂಡಿತು. ಸೊರಬದ ತೀರ್ಥೇಶ್ ಕೇಬಲ್ ನಡೆಸುತ್ತಿದ್ದ. ಸೊರಬ, ಶಿಕಾರಿಪುರ ಎರಡು ಊರಿನ ಮನೆಮನೆಗೂ ಅವನದೇ ವೈರು. ತನ್ನ ಲೋಕಲ್ ಚಾನೆಲ್ಲಿಗೆ ವಾರಕ್ಕೊಂದು ಅರ್ಧ ಗಂಟೆಯ ಸಸ್ಪೆನ್ಸ್ ಕಥೆ ಬೇಕೆಂದು ಅವನಿಗೆ ಹುಕಿ ಬಂದಿತ್ತು. ಮಾದರಿಗೆ ಒಂದೇ ಒಂದು ದೃಶ್ಯ ತೆಗೆದು ತೋರಿಸಿ, ನೋಡಿದವರ ಎದೆ ಡವಡವ ಅಂದರೆ ಕೆಲಸ ನಿಮ್ಮದು, ಇಲ್ಲದಿದ್ದರೆ ಶಿವಮೊಗ್ಗದವರು ಕಾಯುತ್ತಿದ್ದಾರೆ ಎಂದು ಸಿದ್ಧಲಿಂಗೇಶನಿಗೆ ಹೇಳಿ, ಭಾನುವಾರದ ಗಡುವು ಕೊಟ್ಟು ಹೋದ. ಹೋಗುವಾಗ ಒಂದು ಮಾತು ಚುಚ್ಚಿ ಹೋದ.

"ಮದುವೆ ಕ್ಯಾಸೆಟ್ಟಿನೋರು ನೀವು ಎಲ್ಲಾನೂ ತೋರಿಸ್ತೀರಿ ಮಾರಾಯ್ರೆ. ಹೆದರಿಕೆ ಹುಟ್ಟೋದು ತೋರಿಸದೆ ಇಟ್ಟಿದ್ದರಿಂದ. ಅದು ನಿಮ್ಮ ಕೈಲಿ ಆಗ್ತದಾ ನೋಡಿ."

ಮಾತು ನಿಜವಾಗಿದ್ದರಿಂದಲೇ ಚುಚ್ಚಿತು. ಮದುವೆ ಕ್ಯಾಸೆಟ್ಟಿನಲ್ಲಿ ಏನನ್ನಾದರೂ ಬಚ್ಚಿಡುವುದುಂಟೆ? ಈಸೂರಿನ ಒಂದು ಮದುವೆಯಲ್ಲಿ ಹುಡುಗನ ಸೋದರತ್ತೆಯ ಮುಖ ಕಂಬದ ಹಿಂದೆ ಹೋಯಿತೆಂದು ಆ ಮನೆಯವರು ಎರಡು ವರ್ಷ ಅವನನ್ನು ಮಾತಾಡಿಸಿರಲಿಲ್ಲ. ಎಲ್ಲರೂ ಕ್ಯಾಮೆರಾದಲ್ಲಿ ಬೀಳಬೇಕು, ಎಲ್ಲರ ಮುಖಕ್ಕೂ ಬೆಳಕು ಬೀಳಬೇಕು, ತಾಳಿ ಕಟ್ಟುವಾಗ ಜೂಮ್ ಮಾಡಿ ಮೂರು ಗಂಟನ್ನೂ ತೋರಿಸಬೇಕು. ಹನ್ನೊಂದು ವರ್ಷ ಅವನ ಕೈ ಕಲಿತದ್ದು ಇಷ್ಟೇ.

ಆದರೂ ಅವನು ಸುಮ್ಮನೆ ಕೂರಲಿಲ್ಲ. ಬಾಡಿಗೆಗೆ ಹತ್ತಾರು ಸಸ್ಪೆನ್ಸ್ ಕ್ಯಾಸೆಟ್ ತಂದು, ತನ್ನ ವಿಡಿಯೋ ಅಂಗಡಿಯಲ್ಲಿ ಕೂತು, ತಿರುಗಿಸಿ ಮುರುಗಿಸಿ ನೋಡಿದ. ಹೆದರಿಕೆಯ ದೃಶ್ಯ ಬಂದಾಗ ಟಿವಿಯ ದನಿ ಪೂರ್ತಿ ತಗ್ಗಿಸಿದ. ಅರ್ಧ ಹೆದರಿಕೆ ಹಾರಿಹೋಯಿತು. ಅಂದರೆ ಕಣ್ಣಿಗಿಂತ ಮೊದಲು ಕಿವಿ ಹೆದರುತ್ತದೆ ಎಂದು ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡ. ಬರುವವನ ಮುಖ ತೋರಿಸಬಾರದು, ಅವನ ಸದ್ದು ಮೊದಲು ಬರಬೇಕು. ಆ ಸದ್ದನ್ನು ಕೇಳುವವಳ ಮುಖ ತೋರಿಸಬೇಕು. ಶಾಟನ್ನು ಕತ್ತರಿಸಬಾರದು; ಕತ್ತರಿಸಿದರೆ ನೋಡುವವನಿಗೆ ಉಸಿರು ಬಿಡಲು ಜಾಗ ಸಿಗುತ್ತದೆ. ಮುಖ್ಯವಾಗಿ, ಕಥೆಯೊಳಗಿನವನಿಗೆ ಗೊತ್ತಿಲ್ಲದ್ದು ನೋಡುವವನಿಗೆ ಗೊತ್ತಿರಬೇಕು. ಈ ಕೊನೆಯ ಸಾಲಿಗೆ ಎರಡು ಗೀಟು ಹಾಕಿದ.

ಬರೆಯುವುದೇನೋ ಸುಲಭ. ಬಂದಳಿಕೆಯ ಪಾಳು ಗುಡಿಯ ಕಂಬಗಳ ನಡುವೆ ತೆಗೆಯಲು ಹೋದರೆ ದನ ಮೇಯಿಸುವವರು ಸಾಲಾಗಿ ನಿಂತು ಯಾರ ಮದುವೆಯ ಔಟ್‌ಡೋರು ಶೂಟಿಂಗು ಎಂದು ವಿಚಾರಿಸಿದರು. ಅಂಗಡಿಯ ಹಿಂದಿನ ಗೋದಾಮಿನಲ್ಲಿ ತೆಗೆಯಲು ಹೋದರೆ ಸಣ್ಣಪ್ಪನ ಕಾಟ. ಈ ಸಣ್ಣಪ್ಪ ಐವತ್ತು ದಾಟಿದ ಲೈಟಿನವನು, ಮದುವೆಗಳಲ್ಲಿ ಹ್ಯಾಲೊಜೆನ್ ದೀಪ ಎತ್ತಿ ಹಿಡಿಯುವುದು ಅವನ ಕೆಲಸ. ಎಲ್ಲಿ ಒಂದಿಷ್ಟು ಕತ್ತಲು ಕಂಡರೂ ಅದು ತನ್ನದೇ ತಪ್ಪೆಂದು ಓಡಿಹೋಗಿ ಬೆಳಕು ಸುರಿಯುತ್ತಿದ್ದ. ಮೂಲೆಯಲ್ಲಿ ಅಡಗಿರಬೇಕಾದ ಕೊಲೆಗಾರ ಆರತಿಗೆ ಕೂತ ಮದುಮಗನ ಹಾಗೆ ಫಳಫಳ ಹೊಳೆದ. ಸಿದ್ಧಲಿಂಗೇಶ ರೇಗಿದ. ಕತ್ತಲು ಬಿದ್ದರೆ ಮದುವೆ ಪಾರ್ಟಿಯವರು ಬಯ್ಯುತ್ತಾರೆ ಎಂದು ಸಣ್ಣಪ್ಪ ಮುಖ ಸಣ್ಣದು ಮಾಡಿಕೊಂಡು ಮನೆಗೆ ಹೋದ.

ಕೊನೆಗೆ ಅವನಿಗೆ ಹೊಳೆದದ್ದು ಸ್ವಂತ ಮನೆ. ಪಡುವಣಕ್ಕೆ ಬಾಗಿಲು. ಮಧ್ಯಾಹ್ನ ಮೂರರ ಮೇಲೆ ಬಾಗಿಲು ತೆಗೆದರೆ ಬಿಸಿಲು ನೇರ ಒಳಗೆ ನುಗ್ಗುತ್ತದೆ. ಹೊಸ್ತಿಲಲ್ಲಿ ನಿಂತವನ ಮುಖ ಕಾಣದೆ ಬರೀ ಕರಿ ಆಕಾರ ಕಾಣುತ್ತದೆ. ಸಣ್ಣಪ್ಪನ ದೀಪದ ಹಂಗೂ ಇಲ್ಲ. ನಾಯಕಿಯ ಪಾತ್ರಕ್ಕೆ ಸೊರಬದ ಸ್ಕೂಲಿನ ಶರಣ್ಯ ಮಿಸ್ ಒಪ್ಪಿದ್ದರು. ನಾಟಕಗಳಲ್ಲಿ ಹೆಸರು ಮಾಡಿದವರು. ಶನಿವಾರ ಮಧ್ಯಾಹ್ನ ಒಂದೂವರೆಗೆ ಅವರನ್ನು ಕರೆತರಲು ಸ್ಕೂಟರಿನಲ್ಲಿ ಹೊರಡುವ ಮೊದಲು ಅವನು ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ, ಇಡೀ ಕೋಣೆ ಬೀಳುವಂತೆ, ಬಾಗಿಲಿಗೆ ಓರೆಯಾಗಿ ಮುಖ ಮಾಡಿ ನಿಲ್ಲಿಸಿದ. ಗಂಟೆ ಗಂಟೆಗೆ ಬೆಳಕು ಹೇಗೆ ತಿರುಗುತ್ತದೆ ಎಂದು ಆಮೇಲೆ ನೋಡಿಕೊಳ್ಳಬೇಕಿತ್ತು. ಅದಕ್ಕೆ ಮೂರು ಗಂಟೆಯ ಹೊಸ ಕ್ಯಾಸೆಟ್ ಹಾಕಿ, ಬಟನ್ ಒತ್ತಿ, ಇದನ್ನು ಯಾರೂ ಮುಟ್ಟಬೇಡಿ ಎಂದಷ್ಟೇ ಹೆಂಡತಿ ರಾಜೇಶ್ವರಮ್ಮನಿಗೆ ಹೇಳಿ ಹೋದ. ಕ್ಯಾಮೆರಾದ ಕೆಂಪು ದೀಪದ ಮೇಲೆ ಕರಿ ಟೇಪು ಅಂಟಿಸಿರುವುದು ಅವನ ಹಳೆಯ ಅಭ್ಯಾಸ. ದೀಪ ಕಂಡರೆ ಮದುವೆ ಮನೆಯವರು ಸೆಟೆದು ನಿಲ್ಲುತ್ತಾರೆ. ಹೀಗಾಗಿ ಅದು ಓಡುತ್ತಿದೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಶಿರಾಳಕೊಪ್ಪ ದಾಟಿ ಸೊರಬ ಮುಟ್ಟಿದರೆ ಶರಣ್ಯ ಮಿಸ್ ಬಾಗಿಲಲ್ಲೇ ಕೈ ಮುಗಿದರು. ಹಿಂದಿನ ದಿನ ಅವರ ಮದುವೆ ನಿಶ್ಚಯವಾಗಿತ್ತು. ಗಂಡಿನ ಕಡೆಯವರಿಗೆ ಇಂಥದ್ದೆಲ್ಲ ಹಿಡಿಸುವುದಿಲ್ಲವಂತೆ. ಮದುವೆಯ ವಿಡಿಯೋ ಮಾತ್ರ ನೀವೇ ಮಾಡಿಕೊಡಬೇಕು ಎಂದು ಅವರಪ್ಪ ಪ್ರೀತಿಯಿಂದ ಕೇಳಿದರು. ಸಿದ್ಧಲಿಂಗೇಶ ಹೂಂ ಎಂದು ತಲೆಯಾಡಿಸಿದ. ಕೊಟ್ಟ ಟೀ ಕುಡಿದು, ಬಂದ ದಾರಿಯಲ್ಲೇ ವಾಪಸು ಬಂದು, ನಾಲ್ಕೂಕಾಲಕ್ಕೆ ಮನೆಯೊಳಗೆ ಹೊಕ್ಕು, ನೀರು ಕೇಳಿ ಕುಡಿದು, ಯಾರ ಮುಖವನ್ನೂ ನೋಡದೆ ಕ್ಯಾಮೆರಾ ಆರಿಸಿ ಮಲಗಿಬಿಟ್ಟ.

ಭಾನುವಾರ ಬೆಳಿಗ್ಗೆ ಅಂಗಡಿಗೆ ಬಂದು ಆ ಕ್ಯಾಸೆಟ್ಟನ್ನು ವಿಸಿಆರಿಗೆ ತುರುಕಿದ. ಗಡುವಿನ ದಿನ. ತೀರ್ಥೇಶ್ ಮಧ್ಯಾಹ್ನ ಬರುತ್ತಾನೆ, ತೋರಿಸಲು ಏನೂ ಇಲ್ಲ. ಬೆಳಕನ್ನಾದರೂ ತೋರಿಸಿ ಒಂದು ವಾರ ಸಮಯ ಕೇಳೋಣ ಎಂದುಕೊಂಡ.

ಮೊದಲ ಎರಡು ಗಂಟೆ ಬರೀ ಖಾಲಿ ಕೋಣೆ, ಅಡಿಗೆಮನೆಯ ಪಾತ್ರೆ ಸದ್ದು. ಓಡಿಸಿ ಓಡಿಸಿ ಮುಂದೆ ಹೋದ. ಆಮೇಲೆ ಮಗಳು ಧನ್ಯಾ ಬಂದು ಟಿವಿ ಹಾಕಿದಳು. ಹತ್ತು ವರ್ಷದ ಹುಡುಗಿ, ಟವೆಲ್ಲನ್ನು ತಲೆಗೆ ಸಿಕ್ಕಿಸಿ ಉದ್ದ ಜಡೆ ಮಾಡಿಕೊಂಡು ಹಾಡಿಗೆ ಕುಣಿದಳು. ರಾಜೇಶ್ವರಮ್ಮ ಮೊರದಲ್ಲಿ ಅಕ್ಕಿ ಹಿಡಿದು ಬಂದು ನೆಲದ ಮೇಲೆ ಕಾಲು ಚಾಚಿ ಕೂತಳು. ಅವಳು ಹಾಗೆ ಕಾಲು ಚಾಚಿ ಕೂತದ್ದನ್ನು ಅವನು ಕಂಡೇ ಇರಲಿಲ್ಲ. ಮಗಳು ಒಂದು ಚೊಂಬನ್ನು ಹೆಗಲ ಮೇಲಿಟ್ಟು ಒಂದು ಕಣ್ಣು ಮುಚ್ಚಿ, ಬಲಭುಜ ಇಳಿಬಿಟ್ಟು, "ನಗ್ರಿ, ಸ್ವಲ್ಪ ಈ ಕಡೆ ನೋಡಿ ನಗ್ರಿ" ಎಂದು ಅವ್ವನ ಸುತ್ತ ಸುತ್ತಿದಳು. ಥೇಟ್ ಅವನೇ. ರಾಜೇಶ್ವರಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ನಕ್ಕು ನಕ್ಕು ಮೊರ ವಾಲಿ ಅಕ್ಕಿ ಚೆಲ್ಲಿತು, ಅದಕ್ಕೆ ಇಬ್ಬರೂ ಇನ್ನಷ್ಟು ನಕ್ಕರು. ಅಂಗಡಿಯಲ್ಲಿ ಒಬ್ಬನೇ ಕೂತ ಸಿದ್ಧಲಿಂಗೇಶನಿಗೂ ನಗು ಬಂತು. ಓಡಿಸುವುದನ್ನು ಬಿಟ್ಟು ಸಮಾಧಾನವಾಗಿ ನೋಡತೊಡಗಿದ.

ಆಗ ದೂರದಲ್ಲಿ ಒಂದು ಸ್ಕೂಟರಿನ ಸದ್ದು ಕೇಳಿಸಿತು. ಹಾಡಿನ ಅಡಿಯಲ್ಲಿ, ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣಗೆ.

ರಾಜೇಶ್ವರಮ್ಮನ ಕೈ ಮೊರದ ಮೇಲೆ ನಿಂತಿತು. ತಲೆ ಬಾಗಿಲ ಕಡೆ ತಿರುಗಲಿಲ್ಲ. ಕಿವಿ ಮಾತ್ರ ತಿರುಗಿದಂತಿತ್ತು. ಸದ್ದು ಓಣಿಯ ತಿರುವಿಗೆ ಬಂತು. ಅವಳೇನೂ ಹೇಳಲಿಲ್ಲ. ಮಗಳು ತಾನಾಗಿ ಟಿವಿ ಆರಿಸಿದಳು, ಟವೆಲ್ ಕಿತ್ತು ಮಡಚಿದಳು, ಚೊಂಬನ್ನು ಎತ್ತಿಕೊಂಡು ಬೆರಳ ತುದಿಯ ಮೇಲೆ ನಡೆಯುತ್ತ ಒಳಕೋಣೆಗೆ ಹೋಗಿ ಗೋಡೆಗೆ ಆತು ನಿಂತಳು. ಅವಳ ಲಂಗದ ಅಂಚು ಮಾತ್ರ ಬಾಗಿಲ ಸಂದಿಯಲ್ಲಿ ಕಾಣುತ್ತಿತ್ತು. ತಾಯಿ ಚೆಲ್ಲಿದ ಅಕ್ಕಿಯನ್ನು ಕಾಳು ಬಿಡದೆ ಬಳಿದಳು. ಮಂಚದ ಮೇಲೆ ಹರಡಿದ್ದ ಪೇಪರನ್ನು ಮಡಿಕೆಗೆ ಮಡಿಕೆ ಕೂಡಿಸಿ ಸ್ಟೂಲಿನ ಮೇಲಿಟ್ಟಳು. ಲೋಟಕ್ಕೆ ನೀರು ತಂದಳು. ಇಷ್ಟೆಲ್ಲ ಒಂದು ನಿಮಿಷದೊಳಗೆ ಮುಗಿಯಿತು, ಒಂದೂ ಸದ್ದಿಲ್ಲ. ಹೊರಗೆ ಸ್ಕೂಟರಿನ ಸ್ಟ್ಯಾಂಡು ಎಳೆದ ಸಪ್ಪಳ. ಆಮೇಲೆ ಹೆಜ್ಜೆ. ಒಂದು, ಎರಡು, ಮೂರು. ಒದ್ದೆ ಕೈಯನ್ನು ಸೀರೆಗೆ ಒರೆಸುತ್ತ ಅವಳು ಬಾಗಿಲನ್ನೇ ನೋಡುತ್ತ ನಿಂತಳು. ಹೆಜ್ಜೆ ಭಾರವಾಗಿ ಬೀಳುತ್ತಿದೆಯೋ ಹಗುರವಾಗಿಯೋ ಎಂದು ಅವಳ ಕಣ್ಣು ಲೆಕ್ಕ ಹಾಕುತ್ತಿತ್ತು. ಬಾಗಿಲು ತೆರೆಯಿತು. ಬಿಸಿಲು ನುಗ್ಗಿತು. ಹೊಸ್ತಿಲಲ್ಲಿ ಮುಖವಿಲ್ಲದ ಒಂದು ಕರಿ ಆಕಾರ ನಿಂತಿತು.

ಸಿದ್ಧಲಿಂಗೇಶನ ಮೈ ಜುಮ್ಮೆಂದಿತು. ಮನುಷ್ಯನ ಕಸುಬು ಎಂಥ ನಾಚಿಕೆಗೇಡಿನದು ನೋಡಿ: ಅವನಿಗೆ ಮೊದಲು ಆದದ್ದು ಖುಷಿ. ಇದೇ ಶಾಟು. ಎಲ್ಲೂ ಕತ್ತರಿಯಿಲ್ಲ, ಮೊದಲು ಸದ್ದು, ಆಮೇಲೆ ಕೇಳುವವಳ ಮುಖ, ಕೊನೆಗೆ ಬೆಳಕಿಗೆ ಬೆನ್ನು ಕೊಟ್ಟ ಆಕಾರ. ಪುಸ್ತಕದಲ್ಲಿ ಬರೆದುಕೊಂಡದ್ದೆಲ್ಲ ಒಂದೂ ಬಿಡದೆ ಬಂದು ಕೂತಿತ್ತು. ಹಿಂದಕ್ಕೆ ತಿರುಗಿಸಿ ಮತ್ತೆ ನೋಡಿದ. ಮೂರನೇ ಸಲ ನೋಡುವಾಗ ಆ ಕರಿ ಆಕಾರ ಒಳಗೆ ಬಂದು "ನೀರು" ಎಂದದ್ದು ಕಿವಿಗೆ ಬಿತ್ತು. ದನಿ ತನ್ನದು. ಇಳಿದ ಭುಜ ತನ್ನದು.

ಅವನು ವಿಸಿಆರನ್ನು ಅಲ್ಲೇ ನಿಲ್ಲಿಸಿದ. ತನ್ನದು ಯಾವಾಗಲೂ ಸದ್ದಿಲ್ಲದ ಮನೆ ಎಂದು ಇಷ್ಟು ವರ್ಷ ತಿಳಿದಿದ್ದ. ಟಿವಿ ಆರಿರುವ, ಮಗಳು ಒಳಗೆ ಓದುತ್ತಿರುವ, ಪೇಪರು ಮಡಿಚಿಟ್ಟಿರುವ, ಹೆಂಡತಿ ಕೈ ಒರೆಸುತ್ತ ಎದುರಿಗೆ ಬರುವ ಮನೆ. ನಮ್ಮನೆಯವರಿಗೆ ಗಲಾಟೆ ಆಗಿಬರುವುದಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿಕೊಂಡದ್ದೂ ಉಂಟು. ತಾನು ಒಳಗೆ ಕಾಲಿಡುವ ಒಂದು ನಿಮಿಷದ ಮುಂಚೆ ಅಲ್ಲಿ ಬೇರೆಯೇ ಒಂದು ಮನೆ ಇರುತ್ತದೆ ಎಂಬುದು ಗೊತ್ತಿಲ್ಲದೆ ಬಾಗಿಲು ತಳ್ಳುತ್ತಿದ್ದವನು ಅವನೊಬ್ಬನೇ. ಅವನು ಒಂದು ದಿನವೂ ಕೈ ಎತ್ತಿದವನಲ್ಲ. ಅದರ ಬಗ್ಗೆ ಅವನಿಗೆ ಹೆಮ್ಮೆಯೇ ಇತ್ತು. ಪೇಪರಿನ ಮಡಿಕೆ ಕೆಟ್ಟಿದ್ದಕ್ಕೆ ಎರಡು ದಿನ ಮಾತು ಬಿಟ್ಟದ್ದು, ಸದ್ದು ಹೆಚ್ಚಾಯಿತೆಂದು ಟಿವಿಯ ವೈರು ಕಿತ್ತು ವಾರಗಟ್ಟಲೆ ಅಂಗಡಿಯಲ್ಲಿಟ್ಟದ್ದು, ಇವೆಲ್ಲ ಅವನ ಲೆಕ್ಕದಲ್ಲಿ ಸುಸ್ತು ಅಷ್ಟೇ. ಈಗ ನಾಚಿಕೆಯಾಯಿತು.

ಬೆನ್ನ ಹಿಂದೆ ಯಾರೋ ಉಸಿರು ಬಿಟ್ಟರು. ತೀರ್ಥೇಶ್ ಬಂದು ನಿಂತಿದ್ದ. ಎಷ್ಟು ಹೊತ್ತಾಗಿತ್ತೋ, ತಲೆಯ ಮೇಲಿನ ಹೆಲ್ಮೆಟ್ಟನ್ನೂ ತೆಗೆದಿರಲಿಲ್ಲ.

"ಯಾರು ರೀ ಅವನು?" ಎಂದ ಮೆಲ್ಲಗೆ. "ಮುಖ ತೋರಿಸಬೇಡಿ. ಕಡೇವರೆಗೂ ತೋರಿಸಬೇಡಿ. ಆ ಹುಡುಗಿ ಲಂಗದ ಅಂಚು ಕಾಣ್ತದಲ್ಲ, ಅಲ್ಲಿ ನನ್ನ ಜೀವ ಬಾಯಿಗೆ ಬಂತು."

ತೀರ್ಥೇಶ್ ಉತ್ತರಕ್ಕೆ ಕಾಯಲಿಲ್ಲ. ವಾರಕ್ಕೊಂದರಂತೆ ವರ್ಷಪೂರ್ತಿ ಕೆಲಸ ನಿಮ್ಮದೇ ಎಂದ, ಇನ್ನು ಮದುವೆಗೆ ಹೋಗುವುದು ಬಿಟ್ಟುಬಿಡಿ ಎಂದ, ಇದನ್ನೇ ಈ ವಾರ ಎರಡು ಊರಿಗೂ ಜಾಹೀರಾತಿನ ಹಾಗೆ ಬಿಡುತ್ತೇನೆ ಎಂದ. ಆ ಹೆಂಗಸು ಯಾವ ನಾಟಕದ ಕಂಪನಿಯವರು ಎಂದೂ ಕೇಳಿದ. ಅವರ ಒಪ್ಪಿಗೆ ಕೇಳಬೇಕು ಎಂದಷ್ಟೇ ಹೇಳಿ ಸಿದ್ಧಲಿಂಗೇಶ ಕ್ಯಾಸೆಟ್ಟನ್ನು ಹೊರಗೆಳೆದು ಅಂಗಿಯೊಳಗೆ ಇಟ್ಟುಕೊಂಡ. ಆರು ಗಂಟೆಗೆ ಸೊರಬಕ್ಕೆ ಹೊರಡುತ್ತೇನೆ, ಅಷ್ಟರಲ್ಲಿ ಇಲ್ಲಿಗೇ ತಂದುಕೊಡಿ, ಇಲ್ಲದಿದ್ದರೆ ನಾಳೆ ಶಿವಮೊಗ್ಗದವರ ಜೊತೆ ಮಾತು ಮುಗಿಸಬೇಕು ಎಂದು ತೀರ್ಥೇಶ್ ಹೇಳಿದ.

ಊರೆಲ್ಲ ಸುಮ್ಮನೆ ಸುತ್ತಿ ಮನೆ ತಲುಪುವಾಗ ಐದಾಗಿತ್ತು. ಓಣಿಯ ತಿರುವಿನಲ್ಲಿ ಅವನ ಕೈ ತಾನಾಗಿ ಬ್ರೇಕು ಹಿಡಿಯಿತು. ಇಲ್ಲೇ ಇಳಿದು ಸ್ಕೂಟರು ತಳ್ಳಿಕೊಂಡು ಹೋಗೋಣ ಅನ್ನಿಸಿತು. ಆದರೆ ಹಾಗೆ ಸದ್ದಿಲ್ಲದೆ ಹೋಗಿ ನಿಂತರೆ ಅವರು ಇನ್ನೂ ಹೆಚ್ಚು ಹೆದರುತ್ತಾರೆ. ಬೇರೆ ದಾರಿ ಕಾಣದೆ ಎಂದಿನಂತೆಯೇ ಹೋಗಿ, ಎಂದಿನಂತೆಯೇ ಸ್ಟ್ಯಾಂಡು ಎಳೆದು, ಬಾಗಿಲು ತಳ್ಳಿದ. ರಾಜೇಶ್ವರಮ್ಮ ಕೈ ಒರೆಸುತ್ತ ನಿಂತಿದ್ದಳು. ಪೇಪರು ಸ್ಟೂಲಿನ ಮೇಲಿತ್ತು. ಅವನು ಹೋಗಿ ಟಿವಿಯ ಮೇಲೆ ಅಂಗೈ ಇಟ್ಟ. ಬೆಚ್ಚಗಿತ್ತು.

"ಸಿನಿಮಾ ನೋಡ್ತಿದ್ರಾ?" ಎಂದ.

ಅವಳು ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ಟಿವಿಯ ಸ್ವಿಚ್ಚಿನ ಕಡೆ ನೋಡಿದಳು. ಅವನು ಮಂಚದ ಮೇಲೆ ಕೂತು ಎಲ್ಲವನ್ನೂ ಹೇಳಿದ. ಕ್ಯಾಮೆರಾ ಓಡುತ್ತಿದ್ದದ್ದು, ಅದರಲ್ಲಿ ಬಿದ್ದದ್ದು, ತೀರ್ಥೇಶ್ ನೋಡಿದ್ದು, ಆರು ಗಂಟೆಯ ಗಡುವು. ಅವಳು ಸೆರಗನ್ನು ಬೆರಳಿಗೆ ಸುತ್ತುತ್ತ ಕೇಳಿಸಿಕೊಂಡಳು. ನಾನೇನು ಮಾಡುತ್ತೇನೆಂದು ಅಷ್ಟು ಹೆದರಿಕೆ ಎಂದು ಕೊನೆಗೆ ಕೇಳಿದ. ಕೇಳಿದ ದನಿಯಲ್ಲೇ ಅರ್ಧ ಸಿಟ್ಟಿತ್ತು, ಅದು ಅವನಿಗೂ ಕೇಳಿಸಿತು.

"ನೀವೇನೂ ಮಾಡಲ್ರಿ," ಎಂದಳು ರಾಜೇಶ್ವರಮ್ಮ. "ಒಂದಿನ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸ್ಕೊಂಡು ನಗ್ತಾ ಬರ್ತೀರಿ. ಒಂದಿನ ಹಂಗಲ್ಲ. ಯಾವ ಮುಖ ಹೊತ್ಕೊಂಡು ಬರ್ತೀರಿ ಅಂತ ಬಾಗಿಲು ತೆಗ್ಯೋತನಕ ಗೊತ್ತಾಗಲ್ಲ. ಅದಕ್ಕೆ ದಿನಾ ಎಲ್ಲಾ ಆರಿಸಿ ಇಟ್ಕೊಂಡಿರ್ತೀವಿ."

ಅವಳ ಮಾತಿನಲ್ಲಿ ದೂರಿನ ದನಿಯಿರಲಿಲ್ಲ. ದಿನಾ ನೀರು ಎಷ್ಟು ಗಂಟೆಗೆ ಬರುತ್ತದೆ ಎಂದು ಪಕ್ಕದ ಮನೆಯವಳಿಗೆ ಹೇಳುವ ಹಾಗೆ ಹೇಳಿದಳು. ಅವನು ಕ್ಯಾಸೆಟ್ಟು ಕೊಡುವುದಿಲ್ಲ ಎಂದ. ಅವಳು ಗಡಿಯಾರ ನೋಡಿದಳು.

"ಕೊಟ್ಟುಬಿಡ್ರಿ. ಜನ ಆಕ್ಟಿಂಗ್ ಅಂತ ತಿಳ್ಕೊಂತಾರೆ. ಆ ಕೆಲಸ ಸಿಕ್ಕಿದ್ರೆ ದಿನಾ ಒಳ್ಳೆ ಮುಖದಾಗೆ ಬರ್ತೀರಲ್ಲ. ನಮಗೂ ಅಷ್ಟು ಸಾಕು."

ಇಷ್ಟು ಹೊತ್ತು ತಡೆದುಕೊಂಡಿದ್ದವನಿಗೆ ಇದನ್ನು ತಡೆಯಲಾಗಲಿಲ್ಲ. ಕಣ್ಣು ಒದ್ದೆಯಾಯಿತು. ಅದನ್ನು ಮರೆಸಲು ಎದ್ದು ಹೋಗಿ ತಾನೇ ಟಿವಿ ಹಾಕಿದ, ಧನ್ಯಾಳನ್ನು ಕರೆದ. ಒಳಕೋಣೆಯಿಂದ ಬಂದ ಹುಡುಗಿ ಮೊದಲು ಅವ್ವನ ಮುಖ ನೋಡಿದಳು. ಅವ್ವ ಕಣ್ಣಲ್ಲೇ ಕೂರು ಎಂದಮೇಲೆ ಗೋಡೆಯ ಪಕ್ಕ ಮೊಣಕಾಲು ತಬ್ಬಿ ಕೂತಳು. ಭಾನುವಾರದ ಸಿನಿಮಾದಲ್ಲಿ ಇಬ್ಬರು ಹಾಸ್ಯಗಾರರು ಒಂದೇ ಹಗ್ಗದ ಮಂಚದಿಂದ ಮತ್ತೆ ಮತ್ತೆ ಕೆಳಗೆ ಬೀಳುತ್ತಿದ್ದರು. ಸಿದ್ಧಲಿಂಗೇಶ ಬೇಕೆಂದೇ ಜೋರಾಗಿ ನಕ್ಕ. ಮಗಳು ಅವನ ನಗುವನ್ನು ಒಮ್ಮೆ ನೋಡಿ, ತಾನೂ ನಗಬೇಕೇನೋ ಎಂದುಕೊಂಡು ತುಟಿ ಅಗಲಿಸಿದಳು. ಮದುವೆ ಮನೆಗಳಲ್ಲಿ ಅವನು ಹೇಳಿದ್ದಕ್ಕೆ ಜನ ನಗುವುದು ಹಾಗೇ.

ಒಂದು ಹತ್ತು ನಿಮಿಷ ಹಾಗೆ ಕೂತು, ಅಂಗಡಿಗೆ ಹೋಗಿಬರುತ್ತೇನೆ ಎಂದು ಎದ್ದ. ಕ್ಯಾಸೆಟ್ಟನ್ನು ರಾಜೇಶ್ವರಮ್ಮನ ಕೈಗೆ ಕೊಟ್ಟು ಸೀರೆಗಳ ಕೆಳಗೆ ಇಟ್ಟುಬಿಡು ಎಂದ. ಸ್ಕೂಟರನ್ನು ಅಲ್ಲೇ ಬಿಟ್ಟು ನಡೆದುಕೊಂಡು ಹೊರಟ. ಆದರೆ ಅಂಗಡಿಗೆ ಹೋಗಲಿಲ್ಲ. ಮನೆಯೆದುರಿನ ಉಜ್ಜಪ್ಪನ ಸೈಕಲ್ ಶಾಪಿಗೆ ಭಾನುವಾರ ರಜೆ. ಅದರ ಕಟ್ಟೆಯ ಮೇಲೆ ತನ್ನ ಮನೆಯ ಕಡೆ ಮುಖ ಮಾಡಿ ಕೂತ. ಆರು ಹೊಡೆಯಿತು. ಸೊರಬದ ದಾರಿ ಹಿಡಿಯುವ ಮುಂಚೆ ತೀರ್ಥೇಶ್ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದಾನು, ವಾಚು ನೋಡುತ್ತಿದ್ದಾನು, ಆಮೇಲೆ ಹೊರಟಿದ್ದಾನು. ಮುಂದಿನ ಗುರುವಾರ ಒಂದು ಮದುವೆ, ಶುಕ್ರವಾರ ಇನ್ನೊಂದು, ಆಮೇಲೆ ಶರಣ್ಯ ಮಿಸ್ಸಿನದು. ಭುಜ ನೋಯುತ್ತಿತ್ತು. ಸಿದ್ಧಲಿಂಗೇಶ ಕಿವಿಗೊಟ್ಟು ಕೂತೇ ಇದ್ದ. ಮನೆಯೊಳಗಿಂದ ಮಗಳ ನಗು ಕೇಳಿಸಲು ಇಪ್ಪತ್ತು ನಿಮಿಷ ಹಿಡಿಯಿತು.